ಮಾವನ ಕ್ಯಾಮೆರಾದಲ್ಲಿ ಕಂಡ ಬಸವನ ಬಂಡೆ

ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವರ ಬಳಿ ದೆವ್ವದ ಕಥೆಗಳಿಗೆ ಬರವಿಲ್ಲ. ಊಟದ ಹೊತ್ತಿಗೆ ನಾಲ್ಕು ಜನ ಕೂತರೆ ಸಾಕು, ಒಬ್ಬ ಬಂಡೆಯೊಳಗಿಂದ ಗೆಜ್ಜೆ ಸದ್ದು ಕೇಳಿದೆ ಅನ್ನುತ್ತಾನೆ, ಇನ್ನೊಬ್ಬ ಮದ್ದು ಸಿಡಿಯದ ದಿನ ಬೆಳ್ಳಗೆ ಯಾರೋ ಗುಡ್ಡ ಹತ್ತಿ ಹೋಗಿದ್ದು ಕಂಡೆ ಅನ್ನುತ್ತಾನೆ. ಇಂಥ ಮಾತು ಶುರುವಾದರೆ ನಾನು ತಟ್ಟೆ ತೊಳೆದುಕೊಂಡು ಎದ್ದುಬಿಡುತ್ತಿದ್ದೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ ಮಾತ್ರ. ಆದರೂ ನನ್ನ ತಲೆ ಗಟ್ಟಿ ಎಂಬ ಹೆಮ್ಮೆ ನನಗಿತ್ತು, ಈಗಲೂ ಇದೆ. ಕಣ್ಣಿಗೆ ಕಂಡಿದ್ದು, ಕೈಗೆ ಸಿಕ್ಕಿದ್ದು, ಇವೆರಡನ್ನು ಬಿಟ್ಟು ಬೇರೆ ಯಾವುದನ್ನೂ ನಾನು ನಂಬಿದವನಲ್ಲ. ಕಷ್ಟವೇನೆಂದರೆ, ಈಗ ಹೇಳಹೊರಟಿರುವುದು ನನ್ನ ಕಣ್ಣಿಗೇ ಕಂಡಿದ್ದು, ನನ್ನ ಕೈಗೇ ಸಿಕ್ಕಿದ್ದು.

ನಮ್ಮೂರು ಬಿಡದಿಗೂ ರಾಮನಗರಕ್ಕೂ ನಡುವೆ, ರೈಲು ದಾರಿಯಿಂದ ಸ್ವಲ್ಪ ಒಳಗೆ. ನಮ್ಮ ಹೊಲದಲ್ಲಿ ನಿಂತರೆ ಎದುರಿಗೆ ಒಂದು ಸಣ್ಣ ಗುಡ್ಡ. ಅದರ ನೆತ್ತಿಯ ಮೇಲೆ ಕಾಲು ಮಡಚಿ ಕೂತ ಎತ್ತಿನ ಹಾಗಿದ್ದ ದೊಡ್ಡ ಬಂಡೆ. ಕುಂತ ಬಸವ ಎಂದೇ ಅದರ ಹೆಸರು. ರಾಮನಗರದ ಕಡೆಗೆ ಮುಖ, ಬಿಡದಿಯ ಕಡೆಗೆ ಬಾಲ. ಅದರ ಹಿಂದೆ, ದೂರದಲ್ಲಿ, ಚೂಪು ತುದಿಯ ಒಂದು ದೊಡ್ಡ ಬೆಟ್ಟ. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದು ಇದನ್ನೇ. ಆಮೇಲೆ ಆ ಗುಡ್ಡ ಕ್ವಾರಿಗೆ ಹೋಯಿತು. ಬಸವನ ಬೆನ್ನಿಗೆ ಮೊದಲ ಕುಳಿ ಕೊರೆದವನು ನಾನೇ. ಅದು ನನ್ನ ಕಸುಬು, ಚೆನ್ನಾಗಿಯೇ ಮಾಡಿದೆ. ಇಲ್ಲಿ ಯಾಕೆ ಹೇಳುತ್ತಿದ್ದೇನೆಂದರೆ, ಆ ಬಂಡೆ ಈಗ ಅಲ್ಲಿ ಇಲ್ಲ ಎಂಬುದು ನನ್ನಷ್ಟು ಚೆನ್ನಾಗಿ ಇನ್ನೊಬ್ಬರಿಗೆ ಗೊತ್ತಿರಲು ಸಾಧ್ಯವಿಲ್ಲ. ಅದು ಬ್ಲಾಕು ಬ್ಲಾಕಾಗಿ ಲಾರಿ ಹತ್ತಿದ್ದನ್ನು ಕೊನೆಯ ತುಂಡಿನವರೆಗೂ ನಿಂತು ನೋಡಿದ್ದೇನೆ.

ನಮ್ಮಪ್ಪ ತೀರಿಕೊಂಡಿದ್ದು ನಾನಿನ್ನೂ ಚಡ್ಡಿ ಹಾಕುತ್ತಿದ್ದಾಗ. ನಮ್ಮ ಕಡೆ ಒಕ್ಕಲು ಮಕ್ಕಳು ಸತ್ತರೆ ಅವರವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅಪ್ಪನನ್ನೂ ಹೊಲದ ತಲೆಯಲ್ಲಿ ಮಲಗಿಸಿದೆವು. ಮೂರನೇ ದಿನ ಆ ಮಣ್ಣಿನ ಗುಡ್ಡೆಗೆ ಹಾಲು ತುಪ್ಪ ಬಿಡುವಾಗ ಅವ್ವನ ಹಸಿರು ಬಳೆಗಳನ್ನು ಅಲ್ಲೇ ಕಲ್ಲಿಗೆ ಕುಟ್ಟಿ ಒಡೆದರು. ಆ ಸದ್ದು ನನಗೆ ಇವತ್ತಿಗೂ ನೆನಪಿದೆ. ಅವ್ವನ ತಮ್ಮ, ನನ್ನ ಸೋದರಮಾವ ಪುಟ್ಟಸ್ವಾಮಿ, ಚನ್ನಪಟ್ಟಣದ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ಅವನು ತನ್ನ ಮಡಚುವ ಕ್ಯಾಮೆರಾ ತಂದಿದ್ದ. ಎಲ್ಲರೂ ಅಳುತ್ತಿರುವಾಗ ಇವನಿಗೇನು ಬಂತು ಎಂದು ಬೈದವರೂ ಇದ್ದರು. ಬೈಸಿಕೊಂಡೇ ಅವನು ಹೂವು ಹಾಕಿದ್ದ ಗುಡ್ಡೆಯದೊಂದು ಫೋಟೊ ತೆಗೆದ. ಅಪ್ಪ ಬದುಕಿದ್ದಾಗಿನ ಫೋಟೊ ನಮ್ಮಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಪ್ರತಿವರ್ಷ ಮಾರ್ಲಮಿ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವ್ವ ಗುಡ್ಡೆಯ ಹತ್ತಿರವೇ ಹೋಗಿ ಇಟ್ಟು ಬರುತ್ತಿದ್ದಳು.

ಎರಡು ಸಾವಿರ ಇಸವಿ ಕಳೆದ ಮೇಲೆ ಬಿಡದಿಯ ಕಡೆಯಿಂದ ಕಾರ್ಖಾನೆಗಳು ನಮ್ಮ ಕಡೆಗೂ ಸರಿದು ಬಂದವು. ನಮ್ಮ ಹೊಲವೂ ಹೋಯಿತು. ನಾವು ಕೈಲಾಂಚದ ಕಡೆ ಸ್ವಲ್ಪ ಜಮೀನು ಹಿಡಿದು, ಅದರಲ್ಲೇ ಮನೆ ಕಟ್ಟಿದೆವು. ಹೊಲ ಬಿಟ್ಟುಕೊಡುವ ಮುಂಚೆ ಹಿರಿಯರ ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಹೊಸ ಜಮೀನಿಗೆ ತರುವುದು ವಾಡಿಕೆ. ಅವ್ವ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಯಲ್ಲಿದ್ದಳು, ಅವಳು ಬಂದಮೇಲೆ ತಂದರಾಯಿತು ಎಂದುಕೊಂಡಿದ್ದೆವು. ಅಷ್ಟರಲ್ಲಿ ಮಷೀನುಗಳು ಬಂದು ಇಳಿದಿದ್ದವು.

ಗೃಹಪ್ರವೇಶದ ದಿನ ಗೊತ್ತಾದ ಮೇಲೆ ಅವ್ವನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಅಲ್ಲಿ ಹೊಲವೇ ಇರಲಿಲ್ಲ. ಹೊಂಗೆ ಮರ ಇಲ್ಲ, ಬಾವಿ ಇಲ್ಲ, ಬದು ಇಲ್ಲ. ಎಲ್ಲೆಲ್ಲಿಂದಲೋ ಕೆಂಪು ಮಣ್ಣು ತಂದು ತುಂಬಿಸಿ, ಇಡೀ ಬಯಲನ್ನು ರೊಟ್ಟಿ ತಟ್ಟಿದ ಹಾಗೆ ತಟ್ಟಿದ್ದರು. ಅವ್ವ ಸೆರಗು ಹಿಡಿದುಕೊಂಡು ಅತ್ತ ಒಂದಷ್ಟು ದೂರ ನಡೆದಳು, ಇತ್ತ ಒಂದಷ್ಟು ದೂರ ನಡೆದಳು. ಕಾಲಿಗೂ ಗುರುತು ಸಿಗಲಿಲ್ಲ. ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಒಳ್ಳೆಯವನು, ಅವನ ಊರಲ್ಲೂ ಇಂಥ ವಾಡಿಕೆ ಇತ್ತಂತೆ.

"ನಾಳೆ ಬೆಳಿಗ್ಗೆ ಇಲ್ಲೆಲ್ಲಾ ಕಾಂಕ್ರೀಟ್ ಬೀಳ್ತದೆ ಅಜ್ಜಿ. ಏನ್ ಮಾಡ್ಕತೀರೋ ಇವತ್ತೇ ಮಾಡ್ಕಳಿ. ನನ್ ಕೆಲ್ಸಕ್ಕೆ ಮಾತ್ರ ಸಂಚಕಾರ ತರ್ಬೇಡಿ," ಅಂದ.

ನಾನು ಅವ್ವನಿಗೆ ಮೆಲ್ಲಗೆ ಹೇಳಿದೆ, "ಎಲ್ಲಾ ಒಂದೇ ಹೊಲದ ಮಣ್ಣಲ್ವಾ ಅವ್ವ. ಎಲ್ಲಿಂದಾದ್ರೂ ಒಂದ್ ಹಿಡಿ ತಕಂಡ್ರಾಯ್ತು."

ಅವ್ವ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದಳು. "ಯಾವ್ದೋ ಮಣ್ ತಂದು ಇವ್ನೇ ನಿಮ್ಮಪ್ಪ ಅಂತ ಎಡೆ ಇಕ್ಕಾನಾ? ನಾಳೆ ನನ್ನೂ ಹಿಂಗೇ ಹುಡುಕ್ತೀಯ ಬುಡು, ತಿಪ್ಪೇಲಿ. ಆ ವಯ್ಯನ್ನ ಇಲ್ಲಿ ಬುಟ್ಟು ನಾನು ಅಲ್ಲಿಗೆ ಬರಾಕಿಲ್ಲ. ನೀವು ಹಾಲುಕ್ಕುಸ್ಕಳಿ, ಓಗಿ."

ಅವ್ವ ಹಟ ಹಿಡಿದರೆ ಬಂಡೆಗಿಂತ ಗಟ್ಟಿ. ಬಂಡೆಗಾದರೂ ಎಳೆ ನೋಡಿ ಏಟು ಹಾಕಬಹುದು. ಆಗ ನನಗೆ ಮಾವನ ಫೋಟೊ ನೆನಪಾಯಿತು. ಅವ್ವನನ್ನು ಮೇಸ್ತ್ರಿಯ ಶೀಟಿನ ನೆರಳಲ್ಲಿ ಕೂರಿಸಿ, ಬೈಕ್ ತೆಗೆದುಕೊಂಡು ಚನ್ನಪಟ್ಟಣಕ್ಕೆ ಹೋದೆ.

"ಬಾಪ್ಪಾ ಅಳಿಯ," ಅಂದ ಮಾವ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ. "ಬೆಟ್ಟ ಒಡೆಯೋನು ಹಾಡುಹಗಲೇ ಮಾವನ್ ಮನೆ ದಾರಿ ಹಿಡ್ದವ್ನೆ ಅಂದ್ರೆ ಏನೋ ಐತೆ."

ವಿಷಯ ಹೇಳಿದೆ. ಅವನು ನಗುವುದು ನಿಲ್ಲಿಸಿ, ಟ್ರಂಕಿನಿಂದ ಒಂದು ಚರ್ಮದ ಚೀಲ ತೆಗೆದ. ಹೊಲಿಗೆ ಬಿಟ್ಟಿದ್ದರೂ ಎಣ್ಣೆ ಸವರಿ ಇಟ್ಟಿದ್ದ. ಒಳಗೆ ಕ್ಯಾಮೆರಾ. ಮಡಚಿದಾಗ ಅದೊಂದು ಕಪ್ಪು ಊಟದ ಡಬ್ಬಿಯಷ್ಟೇ. ಪಕ್ಕದ ಗುಂಡಿ ಒತ್ತಿದರೆ ಮುಚ್ಚಳ ಕೆಳಗೆ ಬಿದ್ದು, ಹಾರ್ಮೋನಿಯಂ ತಿದಿಯಂಥ ಚರ್ಮದ ಮಡಿಕೆಗಳನ್ನು ಎಳೆದುಕೊಂಡು ಗಾಜು ಮುಂದೆ ಬರುತ್ತದೆ. ಬೆನ್ನಲ್ಲಿ ರೋಲಿನ ನಂಬರು ನೋಡಲು ಒಂದು ಕೆಂಪು ಕಿಂಡಿ. ಜೊತೆಗೆ ಒಂದು ತಗಡಿನ ಡಬ್ಬಿಯಲ್ಲಿ ಹಳದಿ ಗಾಜು, ಬಿಸಿಲು ತಡೆಯುವ ಸಣ್ಣ ಕೊಳವೆ, ಮೂರು ಕಾಲಿನ ಸ್ಟ್ಯಾಂಡು, ಮತ್ತೆ ತುದಿಯಲ್ಲಿ ಒತ್ತುವ ಗುಂಡಿ ಇರುವ ಮೊಳದುದ್ದದ ತಂತಿ. ಕೈ ನಡುಗಿ ಫೋಟೊ ಅಲುಗದಿರಲಿ ಎಂದು ಆ ತಂತಿಯಂತೆ. ಸ್ಟುಡಿಯೋ ಮುಚ್ಚಿದಾಗ ಮಾಲೀಕರು ಕತ್ತಲೆ ಕೋಣೆಯ ತಟ್ಟೆಗಳನ್ನು ಮಾವನಿಗೆ ಬಿಟ್ಟುಕೊಟ್ಟಿದ್ದರು. ಕ್ಯಾಮೆರಾ ಮಾತ್ರ ಮೊದಲಿನಿಂದಲೂ ಅವನ ಸ್ವಂತದ್ದು. ಕಲರ್ ಬಂದು ಎಷ್ಟೋ ವರ್ಷವಾಗಿದ್ದರೂ ಆಗಾಗ ಬೆಂಗಳೂರಿನಿಂದ ಒಂದು ರೋಲು ತರಿಸಿ ಇಟ್ಟುಕೊಂಡಿರುತ್ತಿದ್ದ.

ಅದೇ ಟ್ರಂಕಿನಲ್ಲಿ ಅಪ್ಪನ ಗುಡ್ಡೆಯ ಫೋಟೊ ಇತ್ತು. ಅಷ್ಟು ವರ್ಷದ ಮೇಲೆ ನೋಡಿದ್ದು. ಗುಡ್ಡೆಯ ಹಿಂದೆ, ಮೇಲುಗಡೆ, ಕುಂತ ಬಸವ. ಅದರ ಬೆನ್ನಿನ ಡುಬ್ಬದ ಮೇಲೆ ಸರಿಯಾಗಿ ಹಿಂದಿನ ದೊಡ್ಡ ಬೆಟ್ಟದ ಚೂಪು ತುದಿ, ಗೋಪುರದ ಮೇಲಿನ ಕಳಸದ ಹಾಗೆ ಕೂತಿತ್ತು.

ಮಾವ ಬೆರಳಿಟ್ಟು ತೋರಿಸಿದ. "ಅವತ್ತು ನಾನು ಗುಡ್ಡೆ ಕಾಲ್ದೆಸೇಲಿ ನಿಂತಿದ್ದೆ ಕಣ್ಲಾ. ಮಣ್ಣು ಕಾಲ್ ಹೆಬ್ಬೆಟ್ಟಿಗೆ ತಾಗ್ತಿತ್ತು. ಈ ಡುಬ್ಬ, ಈ ತುದಿ, ಎರಡೂ ಹಿಂಗೇ ಒಂದ್ರ ಮೇಲೊಂದು ಕೂರ್ಬೇಕು ಅಂದ್ರೆ ಇಡೀ ಹೊಲ್ದಾಗೆ ಒಂದೇ ತಾವು. ಒಸಿ ಅತ್ಲಾಗ್ ಹೋದ್ರೆ ತುದಿ ಜಾರ್ತದೆ, ಮುಂದಕ್ ಹೋದ್ರೆ ಮುಳುಗ್ತದೆ."

"ಆ ಬಂಡೆನೇ ಇಲ್ವಲ್ಲ ಮಾವ."

"ಎಲ್ಲೋಯ್ತು ಅಂತ ಒಡ್ದೋರ್ನೇ ಕೇಳ್ಬೇಕು," ಎಂದು ನನ್ನ ಮುಖ ನೋಡಿ ನಕ್ಕ. ಆಮೇಲೆ, "ನಡಿ, ಉಳ್ದಿರೋ ಬುಡ ನೋಡ್ಕಂಡು ಅಂದಾಜು ಮಾಡಾನ. ಬರೀ ಕಣ್ಣಿಗೆ ಬಯಲೆಲ್ಲಾ ಕಾಣ್ತದೆ. ಈ ಕ್ಯಾಮೆರಾ ಅವತ್ತು ಎಷ್ಟ್ ಕಂಡಿತ್ತೋ ಅಷ್ಟ್ನೇ ಕತ್ರಿಸಿ ತೋರಿಸ್ತದೆ," ಅಂದ. ರೋಲು ತುಂಬಿಕೊಂಡು, ಮಂಡಿ ನೋವನ್ನು ಬೈದುಕೊಳ್ಳುತ್ತಾ ಬೈಕ್ ಹತ್ತಿದ.

ನಾವು ವಾಪಸ್ಸು ಬಂದಾಗ ಬಿಸಿಲು ಇಳಿಯುತ್ತಿತ್ತು, ಆದರೆ ಬೆಳಕು ಚೆನ್ನಾಗಿತ್ತು. ಮಾವನಿಗೆ ಆ ಸಡಿಲ ಮಣ್ಣಿನಲ್ಲಿ ನಡೆಯಲು ಆಗಲಿಲ್ಲ. ಮೇಸ್ತ್ರಿಯ ಜೊತೆ ಸಿಮೆಂಟು ಚೀಲದ ಮೇಲೆ ಕೂತು, ಕ್ಯಾಮೆರಾ ಬಿಚ್ಚಿ, ಸ್ಟ್ಯಾಂಡಿಗೆ ಸಿಕ್ಕಿಸಿ, ತಂತಿ ತಿರುಗಿಸಿ ನನ್ನ ಕೈಗೆ ಕೊಟ್ಟ. ಕ್ಯಾಮೆರಾದ ಮೂಲೆಯಲ್ಲಿ ಎಂಟಾಣೆ ನಾಣ್ಯದಷ್ಟು ಅಗಲದ ಒಂದು ಗಾಜು ಇದೆ. ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಅದರಲ್ಲಿ ನೋಡಬೇಕು. ಎದುರಿಗಿರುವುದೆಲ್ಲ ಅದರೊಳಗೆ ಪುಟ್ಟದಾಗಿ ಕಾಣುತ್ತದೆ. ಅವನು ಹೇಳಿಕೊಟ್ಟಿದ್ದು ಅಷ್ಟೇ.

ಅವ್ವ ನನ್ನ ಪಕ್ಕದಲ್ಲೇ ನಡೆದುಬಂದಳು. ನಾನು ತಲೆ ಬಗ್ಗಿಸಿಕೊಂಡು ಹೆಜ್ಜೆ ಇಡತೊಡಗಿದೆ. ಮೊದಲು ಕಂಡಿದ್ದು ಮಣ್ಣಿನ ರಾಶಿ, ಒಂದು ಟಿಪ್ಪರ್, ಅದರಾಚೆ ಕಡಿದು ಬೋಳಾದ ಗುಡ್ಡ. ಉಳಿದಿದ್ದ ಬುಡದಲ್ಲಿ ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ. ದೊಡ್ಡ ಬೆಟ್ಟದ ತುದಿ ಮಾತ್ರ ಒಂಟಿಯಾಗಿ ನಿಂತಿತ್ತು. ಅದೊಂದನ್ನೇ ನೋಡಿಕೊಂಡು ಬಯಲಲ್ಲಿ ಎಲ್ಲಿ ನಿಲ್ಲುವುದು? ಅತ್ತಿತ್ತ ಅಲೆದು ಕತ್ತು ನೋಯತೊಡಗಿತು. ಇದು ಆಗುವ ಕೆಲಸವಲ್ಲ, ಎಲ್ಲೋ ಒಂದು ಕಡೆ ಸಿಕ್ಕಿತು ಎಂದು ಹೇಳಿ ಅವ್ವನನ್ನು ಸಮಾಧಾನ ಮಾಡುವುದೇ ಸರಿ ಎಂಬ ಯೋಚನೆಯೂ ಬಂತು.

ಆ ಯೋಚನೆಯಲ್ಲೇ ಇನ್ನೊಂದಷ್ಟು ದೂರ ನಡೆದೆ. ಗಾಜಿನೊಳಗೆ ಬಸವ ಕೂತಿತ್ತು.

ಮಿಂಚಲಿಲ್ಲ, ಗಾಳಿ ಬೀಸಲಿಲ್ಲ, ಮೈ ಜುಮ್ಮೆನ್ನಲೂ ಇಲ್ಲ. ಕಡಲೆಕಾಳಿನಷ್ಟು ಪುಟ್ಟದಾಗಿ, ಯಾವಾಗಲೂ ಇದ್ದ ಹಾಗೆ, ಗುಡ್ಡದ ನೆತ್ತಿಯ ಮೇಲೆ ಇತ್ತು. ಸಂಜೆ ಬಿಸಿಲು ಅದರ ಡುಬ್ಬದ ಮೇಲೆ ಬಿದ್ದಿತ್ತು. ದೊಡ್ಡ ಬೆಟ್ಟದ ತುದಿ ಡುಬ್ಬದಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ನಾನು ತಲೆ ಎತ್ತಿ ನೋಡಿದೆ. ಎದುರಿಗೆ ಬೋಳು ಗುಡ್ಡ, ನಾವು ಕೊರೆದ ಕುಳಿಗಳ ಗೆರೆ. ಮತ್ತೆ ತಲೆ ಬಗ್ಗಿಸಿದೆ. ಬಸವ. ಒಂದು ಮಾತ್ರ ಬೇರೆಯಾಗಿತ್ತು. ಅದು ರಾಮನಗರದ ಕಡೆ ನೋಡುತ್ತಿರಲಿಲ್ಲ, ಬಿಡದಿಯ ಕಡೆ ಮುಖ ತಿರುಗಿಸಿತ್ತು. ಇದೇನಿದು ಎಂದುಕೊಂಡೆನೇ ಹೊರತು ನಿಂತು ಯೋಚಿಸಲಿಲ್ಲ. ಕೈಗೆ ಕೆಲಸ ಹತ್ತಿದರೆ ನಾನು ಹಾಗೆಯೇ, ಮೊದಲು ಕೆಲಸ. ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಸರಿದೆ. ತುದಿ ಬಂದು ಡುಬ್ಬದ ಮೇಲೆ ಕಳಸದ ಹಾಗೆ ಕೂತಿತು. ಸ್ಟ್ಯಾಂಡಿನ ಕಾಲುಗಳನ್ನು ಮಣ್ಣಿಗೆ ಒತ್ತಿ ನಿಲ್ಲಿಸಿದೆ.

ದೂರದಿಂದ ಮಾವ ಕೂಗಿದ, "ನಿಂತ್ಯೇನ್ಲಾ? ಅಂಗಾರೆ ತಂತಿ ಒತ್ತು, ಒಂದ್ ಬರ್ಲಿ!"

ಒತ್ತಿದೆ. ಟಿಕ್ ಎಂದಿತು.

ಅವ್ವ ನನ್ನ ತೋಳು ಹಿಡಿದಳು. "ಏನಾಯ್ತ್ಲಾ, ಮಖ ಹಿಂಗ್ ಮಾಡ್ಕಂಡೆ?" ನಾನು ಏನೂ ಹೇಳಲಿಲ್ಲ. ಹೇಳಿದರೆ ನನ್ನ ಮಾತಿನಿಂದಲೇ ಅವಳಿಗೂ ಕಂಡೀತು ಎಂಬಷ್ಟು ಎಚ್ಚರ ಆ ಹೊತ್ತಿನಲ್ಲೂ ಇತ್ತು. ಪಕ್ಕಕ್ಕೆ ಸರಿದು ಗಾಜು ತೋರಿಸಿದೆ. ಪೊರೆ ತೆಗೆಸಿದ ಕಣ್ಣನ್ನು ಅವಳು ಅದರ ಹತ್ತಿರಕ್ಕೆ ತಂದು ಒಂದಷ್ಟು ಹೊತ್ತು ನೋಡಿದಳು.

"ಬಸವಣ್ಣ ಕುಂತವ್ನಲ್ಲ," ಅಂದಳು. "ಇನ್ನೇನ್ ನೋಡೀಯೆ, ಅಗಿ."

ಹಾರೆ, ಗುದ್ದಲಿ ತಂದು ಸ್ಟ್ಯಾಂಡಿನ ಮುಂದೆಯೇ ಅಗೆದೆ. ತುಂಬಿಸಿದ್ದ ಕೆಂಪು ಮಣ್ಣು ಸೊಂಟದ ಮಟ್ಟಕ್ಕಿತ್ತು. ಅದು ಮುಗಿದು ನಮ್ಮ ಹೊಲದ ಕಪ್ಪು ಮಣ್ಣು ಬಂತು, ರಾಗಿ ಕೂಳೆಯ ಬೇರು ಇನ್ನೂ ಅದರಲ್ಲಿತ್ತು. ಅಲ್ಲಿಂದ ಗುದ್ದಲಿ ಬಿಟ್ಟು ಕೈಯಲ್ಲೇ ಕೆದಕಿದೆ. ಒಂದು ಕಲ್ಲಿನ ಅಂಚು ಸಿಕ್ಕಿತು. ಅದರ ಬುಡದ ಮಣ್ಣು ಹಿಡಿದು ಎತ್ತಿದಾಗ ಅಂಗೈಗೆ ಏನೋ ಚುಚ್ಚಿತು. ಅವ್ವನ ಕೈಗೆ ಕೊಟ್ಟೆ. ಅವಳು ಸೆರಗಿನಿಂದ ಒರೆಸಿದಳು. ಹಸಿರು ಗಾಜಿನ ಬಳೆಯ ಚೂರು. ಮಣ್ಣಿನಲ್ಲಿ ಇನ್ನೂ ಇದ್ದವು.

ಅವ್ವ ಅಳಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು, "ನೋಡು, ಇಲ್ಲೇ ಅವ್ರೆ," ಎಂದು ಸೆರಗು ಒಡ್ಡಿದಳು. ಒಂದು ಹಿಡಿ ಮಣ್ಣು ಹಾಕಿದೆ. ಗಂಟು ಕಟ್ಟಿಕೊಂಡಳು. ಗುಂಡಿ ಮುಚ್ಚಿ, ಕ್ಯಾಮೆರಾ ತೆಗೆಯುವ ಮುಂಚೆ ಇನ್ನೊಮ್ಮೆ ತಲೆ ಬಗ್ಗಿಸಿ ನೋಡಿದೆ. ಬೋಳು ಗುಡ್ಡ, ಹಿಂದೆ ಬೆಟ್ಟದ ತುದಿ. ಮತ್ತೇನೂ ಇರಲಿಲ್ಲ.

ಅವ್ವನನ್ನು ಮನೆಗೆ ಬಿಟ್ಟು ಮಾವನನ್ನು ವಾಪಸ್ಸು ಕರೆದುಕೊಂಡು ಹೋಗುವಾಗ ಅವನಿಗೆ ನಡೆದದ್ದು ಹೇಳಿದೆ. ಬೆನ್ನ ಹಿಂದೆ ಕೂತು ಹೂಂಗುಟ್ಟುತ್ತಾ ಕೇಳಿದ. "ಒಡ್ದೋನಿಗೆ ಒಡ್ದಿದ್ದೇ ಕಾಣ್ತದೆ ಬುಡ್ಲಾ. ಎಷ್ಟ್ ದಿನ ಅದ್ರ ಮೈಮೇಲೆ ಕುಂತಿದ್ದೆ ನೀನು," ಅಂದ. ಇರಬಹುದು ಅನ್ನಿಸಿತು ನನಗೂ. "ಆದ್ರೆ ಮಾವ, ಅದು ಮಖ ಅತ್ಲಾಗ್ ತಿರುಗ್ಸ್ಬುಟ್ಟಿತ್ತು. ಬಿಡದಿ ಕಡೀಕೆ," ಅಂದೆ.

ಮಾವ ನಕ್ಕುಬಿಟ್ಟ. "ಅಯ್ಯೋ ಪೆದ್ದೆ, ಆ ಗಾಜಿನ ಕೆಳಗೆ ಕನ್ನಡಿ ಐತೆ ಕಣ್ಲಾ. ಅದ್ರಾಗೆ ಎಡಕ್ಕಿರಾದು ಬಲಕ್ಕೆ ಕಾಣ್ತದೆ. ಇದ್ರೆ ಅಂಗೇ ಕಾಣ್..." ಎಂದವನು ಅಲ್ಲಿಗೇ ನಿಲ್ಲಿಸಿದ.

ಓದುವವರು ಇದನ್ನು ಸ್ವಲ್ಪ ನಿಂತು ಯೋಚಿಸಿ ನೋಡಿ. ಇದೊಂದೇ ವಿಷಯ ನನ್ನನ್ನು ಇಷ್ಟು ವರ್ಷ ಬಿಡದೆ ಕಾಡಿರುವುದು. ಆ ಗಾಜಿನಲ್ಲಿ ಎಡಬಲ ಅದಲುಬದಲಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗುಡ್ಡದ ಮುಂದೆ ಹೋಗುತ್ತಿದ್ದ ಟಿಪ್ಪರ್ ತಿರುಗಿ ಬರುತ್ತಿರುವಂತೆ ಕಂಡು ಗಲಿಬಿಲಿಯಾಗಿದ್ದು ಆಮೇಲೆ ನೆನಪಾಯಿತು, ಅಷ್ಟೇ. ಆಯಾಸದಿಂದಲೋ, ಆಸೆಯಿಂದಲೋ, ನನ್ನ ನೆನಪೇ ಬಸವನನ್ನು ಅಲ್ಲಿ ಕೂರಿಸಿದ್ದರೆ ಅದು ನನಗೆ ಗೊತ್ತಿದ್ದ ಹಾಗೆ ರಾಮನಗರದ ಕಡೆ ನೋಡಬೇಕಿತ್ತು. ಫೋಟೊದಲ್ಲೂ ಅದು ನೋಡುತ್ತಿದ್ದುದು ಆ ಕಡೆಗೇ. ಗುಡ್ಡದ ಮೇಲೆ ನಿಜವಾಗಿ ಒಂದು ಬಂಡೆ ಇದ್ದು, ಅದು ಕನ್ನಡಿಗೆ ಬಿದ್ದಿದ್ದರೆ ಮಾತ್ರ ನಾನು ಕಂಡ ಹಾಗೆ ಕಾಣಬೇಕು. ಆದರೆ ಬಂಡೆ ಇರಲಿಲ್ಲ.

ಮಾವ ಆ ರೋಲನ್ನು ತೊಳೆದ. ಕಂಡದ್ದು ನಿಜವಾದರೆ ಫೋಟೊದಲ್ಲೂ ಬರಬೇಕಲ್ಲ ಎಂದು ನಾನು ಅವನ ಕತ್ತಲೆ ಕೋಣೆಯ ಬಾಗಿಲಲ್ಲೇ ಕಾದೆ. ಒದ್ದೆ ಕಾಗದ ಹಿಡಿದು ಹೊರಗೆ ಬಂದ. ಬೋಳು ಗುಡ್ಡ, ಹಿಂದೆ ಬೆಟ್ಟದ ಚೂಪು ತುದಿ. ಬಸವ ಇರಲಿಲ್ಲ. "ನನ್ ಕ್ಯಾಮೆರಾ ಇದ್ದುದ್ನ ತೆಗ್ದೈತೆ ಕಣಪ್ಪ. ಉಳುದಿದ್ದು ನೀವು ತಾಯಿಮಗ ನೋಡ್ಕಳಿ," ಎಂದು ಕೈ ಮುಗಿದ. ಎರಡು ಫೋಟೊಗಳೂ ಈಗ ನನ್ನ ಹತ್ತಿರ ಇವೆ. ಕ್ಯಾಮೆರಾವನ್ನೂ ಅದರ ಸಾಮಾನನ್ನೂ ಮಾವ ಕೊನೆಗೆ ನನಗೇ ಕೊಟ್ಟ.

ಅವ್ವ ಮಣ್ಣಿನ ಗಂಟು ಮಡಿಲಲ್ಲಿಟ್ಟುಕೊಂಡೇ ಹೊಸ ಮನೆಗೆ ಬಂದಳು. ಜಮೀನಿನ ಮೂಲೆಯಲ್ಲಿ ಅದನ್ನು ಹಾಕಿ, ಕಲ್ಲು ನೆಟ್ಟು, ಆಮೇಲೆಯೇ ಹಾಲುಕ್ಕಿಸಲು ಒಪ್ಪಿದ್ದು. ಆ ಸಂಜೆಯ ಮಾತನ್ನು ಅವಳ ಹತ್ತಿರ ಎತ್ತಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ. ಅವಳು ನಿಜವಾಗಿ ಕಂಡಳೋ, ಮಗ ಗೋಳಾಡುವುದು ಬೇಡ ಎಂದು ಹಾಗೆ ಅಂದಳೋ? ಒಂದು ದಿನ ಅವಳು ಅವರೆಕಾಳು ಸುಲಿಯುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ. ಬಂಡೆ ಇರಲಿಲ್ಲವಲ್ಲ ಅವ್ವ, ಅದು ನಿನಗೆ ಹೇಗೆ ಕಂಡಿತು ಎಂದು.

ಅವ್ವ ತಲೆ ಎತ್ತಲಿಲ್ಲ. "ನೀವು ಕಲ್ ತಕಂಡೋದ್ರಿ. ಜಾಗ ಎಲ್ಲಿಗ್ ಹೋಯ್ತದ್ಲಾ," ಎಂದು ಸಿಪ್ಪೆಯನ್ನು ಆ ಕಡೆ ಎಸೆದು, "ಹೋಗು, ಕರ ಹಗ್ಗ ಬಿಚ್ಕಂಡೈತೆ ನೋಡು," ಅಂದಳು. ಅದು ಉತ್ತರವೋ, ಮಾತು ಹಾರಿಸಿದ್ದೋ, ನನಗೆ ಈಗಲೂ ತಿಳಿಯದು.

ಹಳೆಯ ಹೊಲದ ಜಾಗಕ್ಕೆ ಮತ್ತೆ ಹೋಗಿ ಪರೀಕ್ಷೆ ಮಾಡೋಣವೆಂದರೆ ಅಲ್ಲಿ ಈಗ ಕಾಂಪೌಂಡು, ಗೇಟು, ಕಾವಲು. ರಸ್ತೆಯಲ್ಲಿ ನಿಂತು ಒಮ್ಮೆ ಕ್ಯಾಮೆರಾದಲ್ಲಿ ನೋಡಿದ್ದೇನೆ. ಶೀಟಿನ ಚಾವಣಿ ಕಂಡಿತು, ಇನ್ನೇನೂ ಇಲ್ಲ.

ಅವ್ವ ತೀರಿಕೊಂಡಾಗ ಹೊಸ ಜಮೀನಿನಲ್ಲಿ, ಅಪ್ಪನ ಮಣ್ಣಿನ ಪಕ್ಕದಲ್ಲೇ ಮಣ್ಣು ಮಾಡಿದೆವು. ಹಾಲು ತುಪ್ಪದ ದಿನ ನಾನು ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಇವನಿಗೇನು ಬಂತು ಎಂದು ನೆಂಟರು ಗೊಣಗಿದರು. ಕ್ಯಾಮೆರಾ ಬಿಚ್ಚಿ, ಸ್ಟ್ಯಾಂಡಿಗೆ ಸಿಕ್ಕಿಸಿ, ತಂತಿ ತಿರುಗಿಸಿ, ಗುಡ್ಡೆಯ ಕಾಲ್ದೆಸೆಯಲ್ಲಿ ಹೆಬ್ಬೆರಳಿಗೆ ಮಣ್ಣು ತಾಗುವ ಹಾಗೆ ನಿಂತೆ. ತಲೆ ಬಗ್ಗಿಸಿ ನೋಡಿದೆ. ಹೂವಿನ ಗುಡ್ಡೆ, ಹಿಪ್ಪುನೇರಳೆ ಸಾಲು, ಅದರಾಚೆ ಕೈಲಾಂಚದ ಕಡೆಯ ಒಂದು ಗುಡ್ಡ, ಅದರ ಮೇಲೊಂದು ಬಂಡೆ. ಇದ್ದದ್ದೇ ಕಂಡಿತು. ಆ ಗುಡ್ಡಕ್ಕೂ ಯಾರೋ ಕ್ವಾರಿಗೆ ಅರ್ಜಿ ಹಾಕಿದ್ದಾರೆಂದು ನನಗೆ ಗೊತ್ತಿತ್ತು. ಆದರೂ ಆ ಬಂಡೆ ಫೋಟೊದಲ್ಲಿ ಪೂರ್ತಿ ಬರುವ ಹಾಗೆ ಒಂದು ಹೆಜ್ಜೆ ಸರಿದು ನಿಂತು, ತಂತಿ ಒತ್ತಿದೆ.